ನಾಲ್ವರು ಹೊತ್ತ ಹಾಸಿಗೆ

ಓದತಕ್ಕ ಭಾಗ: ಮಾರ್ಕನ ಸುವಾರ್ತೆ 2ನೆಯ ಅಧ್ಯಾಯ, 1ರಿಂದ 12ನೆಯ ವಚನಗಳು.



ಈ ವೃತ್ತಾಂತವನ್ನು ನಮ್ಮಲ್ಲಿ ಅನೇಕರು ಚಿಕ್ಕಂದಿನಿಂದಲೇ ಕೇಳಿದ್ದೇವೆ. ಯೇಸುಸ್ವಾಮಿಯು ಕಪೆರ್ನೌಮಿನ ಒಂದು ಮನೆಯಲ್ಲಿದ್ದಾನೆಂಬ ವರ್ತಮಾನವು ಊರಲ್ಲಿ ಹಬ್ಬಿತು. ಜನರು ಬಂದು ಕೂಡಿದರು. ಮನೆಯೊಳಗಾಗಲಿ ಬಾಗಿಲ ಮುಂದಾಗಲಿ ಕಾಲಿಡಲು ಸ್ಥಳವಿಲ್ಲದ ಹಾಗಾಯಿತು. ಆತನು ಅವರಿಗೆ ಉಪದೇಶ ಮಾಡುತ್ತಿರುವಾಗ, ಪಾರ್ಶ್ವವಾಯು ರೋಗಿಯಾದ ಒಬ್ಬನನ್ನು ನಾಲ್ಕು ಮಂದಿ ಹಾಸಿಗೆಯ ಸಹಿತ ಹೊತ್ತು ತಂದರು. ಬಾಗಿಲಿನಿಂದ ದಾರಿ ಸಿಕ್ಕಲಿಲ್ಲ. ಅವರು ತಿರುಗಿ ಹೋಗದೆ ಮಾಳಿಗೆಯನ್ನೇರಿ, ಅದನ್ನು ಬಿಚ್ಚಿ, ರೋಗಿಯನ್ನು ಕರ್ತನ ಮುಂದೆಯೇ ಇಳಿಸಿದರು.

ಹಂಚಿನ ಮನೆಗಳ ಸೀಮೆಯವರು ಇದನ್ನೋದುವಾಗ, ನಾಲ್ಕು ಮಂದಿ ಮನೆಯ ಮೇಲೆ ಹೇಗೆ ಏರಿದರು, ಹೇಗೆ ಬಿಚ್ಚಿದರು ಎಂದು ಬೆರಗಾಗುವದುಂಟು. ರೋಣ, ನರಗುಂದ, ಗಜೇಂದ್ರಗಡಗಳ ಸುತ್ತಲಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ನಮ್ಮ ಹಳೆಯ ಮಾಳಿಗೆ ಮನೆಗಳನ್ನು ನೆನಸಿಕೊಳ್ಳಿರಿ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ, ಎಲ್ಲಕ್ಕೂ ಮೇಲೆ ಗಟ್ಟಿಯಾಗಿ ಬಡಿದ ಮಣ್ಣು. ನಡುವೆ ಒಂದು ಬೆಳಕಿಂಡಿ. ಜೋಳವನ್ನೂ ಮೆಣಸಿನಕಾಯಿಯನ್ನೂ ಒಣಗಹಾಕಲು ನಮ್ಮ ತಾಯಂದಿರು ದಿನಕ್ಕೆ ಹತ್ತು ಸಾರಿ ಅಲ್ಲಿ ಏರಿ ಇಳಿದಿದ್ದಾರೆ. ಕರ್ತನು ಸಂಚರಿಸಿದ ದೇಶದ ಮನೆಗಳೂ ಬಹುಮಟ್ಟಿಗೆ ಇದೇ ತರದವು. ಆದಕಾರಣ ಈ ಭಾಗವು ನಮ್ಮ ಓಣಿಯಲ್ಲಿಯೇ ನಡೆದಂತೆ ಓದಿಕೊಳ್ಳಲು ನಮಗೆ ಸುಲಭವಾಗಿದೆ. ಇಂದು ನಾವು ಹಾಗೆಯೇ ಓದೋಣ.

ಮೊದಲನೆಯದಾಗಿ, ಮನೆಯು ತುಂಬಿತ್ತೆಂಬದನ್ನು ನೋಡಿರಿ.

ಒಂದು ಊರಿನ ಜನರೆಲ್ಲರೂ ಒಂದು ಸೂರಿನ ಕೆಳಗೆ ಕೂಡುವದು ಒಳ್ಳೇದೇ. ಹಿಂದಿನ ಕಾಲದಲ್ಲಿ ನಮ್ಮ ಊರುಗಳಲ್ಲಿ ಇದಕ್ಕಾಗಿ ಚಾವಡಿ ಇತ್ತು, ಗಿಡದ ಕೆಳಗಿನ ಕಟ್ಟೆ ಇತ್ತು, ಬಾವಿಯ ಮೆಟ್ಟಲುಗಳಿದ್ದವು. ಗಜೇಂದ್ರಗಡದ ಹತ್ತಿರದ ಸೂಡಿಯಲ್ಲಿರುವ ನಾಗಕುಂಡವನ್ನು ನೋಡಿದವರು, ಕಲ್ಲಿನಲ್ಲಿ ಅಷ್ಟು ಅಂದವಾಗಿ ಕಟ್ಟಿದ ಮೆಟ್ಟಲುಗಳ ಮೇಲೆ ಎಷ್ಟು ತಲೆಮಾರಿನವರು ಕೊಡವನ್ನಿಟ್ಟು ಸುಖದುಃಖ ಮಾತಾಡಿರಬೇಕೆಂದು ಎಣಿಸದೆ ಇರಲಾರರು.

ಈಗ ನಮ್ಮ ಕಾಲದಲ್ಲಿ ಬೇರೆ ಮನೆಗಳು ಎದ್ದಿವೆ. ಸಮುದಾಯ ಭವನವಿದೆ. ಅದರ ಮಗ್ಗಲಲ್ಲಿ ಅಂಗನವಾಡಿ ಇದೆ. 1975ನೆಯ ಇಸವಿಯ ಅಕ್ಟೋಬರ 2ರಂದು ಶಿಶು ಅಭಿವೃದ್ಧಿಯ ಯೋಜನೆಯು ದೇಶದ 33 ಕಡೆಗಳಲ್ಲಿ ಆರಂಭವಾದಾಗ, ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರಕ್ಕೆ ಮಾತ್ರ ಅದು ದೊರೆತಿತ್ತು. ಇಂದು ಅದು ಇಲ್ಲದ ಊರು ವಿರಳ. ಆರು ತಿಂಗಳ ಕೂಸಿನಿಂದ ಆರು ವರುಷದ ಮಗುವಿನವರೆಗೆ ಅಲ್ಲಿ ಆಹಾರವುಂಟು, ತೂಕ ನೋಡುವದುಂಟು, ಲಸಿಕೆಯ ವಿಚಾರಣೆಯುಂಟು. ಗರ್ಭಿಣಿಯರಿಗೂ ಬಾಣಂತಿಯರಿಗೂ ಪಾಲುಂಟು. ಗ್ರಾಮ ಪಂಚಾಯತಿಯಲ್ಲಿ ವಾಚನಾಲಯವುಂಟು. ಅದನ್ನು ಈಗ ಅರಿವು ಕೇಂದ್ರವೆಂದು ಕರೆಯುತ್ತಾರೆ. 2000ನೆಯ ಇಸವಿಯಿಂದ ಈಚೆಗೆ ಸ್ತ್ರೀಶಕ್ತಿ ಸಂಘಗಳ ಸಹೋದರಿಯರು ಇಂಥ ಮನೆಗಳಲ್ಲಿಯೇ ಕೂತು ವಾರವಾರದ ಉಳಿತಾಯವನ್ನು ಎಣಿಸುತ್ತಾರೆ. ಕೆಲವು ದಿವಸಗಳಲ್ಲಿ ಕಣ್ಣಿನ ತಪಾಸಣೆ, ಕೆಲವು ದಿವಸಗಳಲ್ಲಿ ಪಿಂಚಣಿಯ ಅರ್ಜಿಗಳನ್ನು ತೆಗೆದುಕೊಳ್ಳುವ ಶಿಬಿರ. ಇವೆಲ್ಲವುಗಳಿಗಾಗಿ ನಾವು ದೇವರನ್ನು ಸ್ತುತಿಸತಕ್ಕದ್ದು. ಒಳ್ಳೇ ದಾನಗಳೆಲ್ಲವೂ ಮೇಲಿನಿಂದಲೇ ಬರುತ್ತವೆ, ಅವು ಸರಕಾರದ ಕೈಯಿಂದ ನಮ್ಮನ್ನು ಮುಟ್ಟಿದರೂ ಸರಿಯೇ.

ಎರಡನೆಯದಾಗಿ, ತುಂಬಿದ ಮನೆಯೇ ಗೋಡೆಯಾಯಿತೆಂಬದನ್ನು ನೋಡಿರಿ.

ಆ ರೋಗಿಯನ್ನು ತಡೆದವರು ಯಾರು? ರೋಮಾಯರ ಸಿಪಾಯಿಗಳಲ್ಲ, ಕಳ್ಳರಲ್ಲ, ನಾಸ್ತಿಕರೂ ಅಲ್ಲ. ದೇವರ ವಾಕ್ಯವನ್ನು ಕೇಳಬೇಕೆಂದು ಬಂದು ನಿಂತಿದ್ದ ಭಕ್ತರೇ. ಅವರ ಮುಖಗಳು ಕರ್ತನ ಕಡೆಗಿದ್ದವು. ಆದಕಾರಣ ಅವರ ಬೆನ್ನುಗಳು ಆ ಬಡವನ ಕಡೆಗಿದ್ದವು. ಅವರಲ್ಲಿ ಯಾರೂ ಅವನಿಗೆ ಒಳಗೆ ಬರಬೇಡವೆಂದು ಹೇಳಲಿಲ್ಲ. ಸುಮ್ಮನೆ ಯಾರೂ ಹಿಂದಿರುಗಿ ನೋಡಲಿಲ್ಲ, ಅಷ್ಟೇ.

ಪ್ರಿಯರೇ, ಇಲ್ಲಿ ನಾನು ನನ್ನ ಸ್ವಂತ ತಪ್ಪನ್ನು ಅರಿಕೆ ಮಾಡಬೇಕಾಗಿದೆ. ನಾನು ಸೇವೆ ಮಾಡುವ ಒಂದು ಹಳ್ಳಿಯಲ್ಲಿ, ಪ್ರಾರ್ಥನಾ ಮಂದಿರದ ಹಿಂದಿನ ಓಣಿಯಲ್ಲಿ, ಒಬ್ಬ ಮುದುಕಿ ಇದ್ದಾಳೆ. ಮಕ್ಕಳು ದುಡಿಯಲು ಗೋವೆಗೆ ಹೋದವರು, ವರುಷಕ್ಕೊಂದು ಸಾರಿ ಬರುವವರು. ಒಂದು ಮಳೆಗಾಲದಲ್ಲಿ ಅವಳ ಗಂಡನು ತೀರಿಕೊಂಡನು. ಮಣ್ಣು ಮಾಡುವಾಗ ನಾನೇ ಪ್ರಾರ್ಥನೆ ಮಾಡಿದೆನು. ಅದರ ಮೂರನೆಯ ತಿಂಗಳಲ್ಲಿ ಸಮುದಾಯ ಭವನದಲ್ಲಿ ಪಿಂಚಣಿಯ ಶಿಬಿರ ನಡೆಯಿತು. ಅಧಿಕಾರಿಗಳು ಬರುವರೆಂದು ನಾನು ಮುಂಜಾನೆಯಿಂದಲೇ ಓಡಾಡಿ, ಕುರ್ಚಿಗಳನ್ನು ಹಾಕಿಸಿ, ಬಂದವರಿಗೆ ಚಹಾ ಕೊಡಿಸಿ, ಸಭೆಯ ಹೆಸರು ಒಳ್ಳೇದಾಯಿತೆಂದು ಮನಸ್ಸಿನಲ್ಲಿ ಹಿಗ್ಗುತ್ತಿದ್ದೆನು. ಮಧ್ಯಾಹ್ನದ ಹೊತ್ತಿಗೆ ಆ ಮುದುಕಿಯು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮೆಟ್ಟಲಿನವರೆಗೆ ಬಂದು ನಿಂತದ್ದನ್ನು ಕಂಡೆನು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವಳು ಇರಲಿಲ್ಲ. ಆಮೇಲೆ ಬಂದಾಳೆಂದು ನಾನು ನನ್ನ ಕೆಲಸಕ್ಕೆ ಹೋದೆನು.

ಅವಳು ಬರಲಿಲ್ಲ. ನಾನು ಕೇಳಲೂ ಇಲ್ಲ. ಮತ್ತೆ ಹನ್ನೊಂದು ತಿಂಗಳು ಕಳೆದ ಮೇಲೆ, ಸಾಕಿದ ಆಡನ್ನೂ ಅವಳು ಮಾರಿದಳೆಂದು ತಿಳಿದು ಮನೆಗೆ ಹೋದೆನು. “ಯಾಕವ್ವಾ, ಆ ದಿವಸ ಒಳಗ ಬರಲಿಲ್ಲಲ್ಲ?” ಎಂದು ಕೇಳಿದೆನು. ಆಕೆ ಸಿಟ್ಟಿಲ್ಲದೆ ಹೇಳಿದಳು: “ಬಾಗಲದಾಗ ಮಂದಿ ಭಾಳ ಇದ್ರು, ಉಪದೇಶಿಯವರ. ನೀವು ನನ್ನ ನೋಡಿದ್ರಿ. ಕೈಯಾಗ ಕುರ್ಚಿ ಹಿಡಕೊಂಡಿದ್ರಿ. ಕೆಲಸದಾಗ ಅದೀರಿ ಅಂತ ತಿಳದು ಹೊಳ್ಳಿ ಬಂದೆ.”

ಈ ಮಾತು ಇಂದಿಗೂ ನನ್ನ ಎದೆಯಲ್ಲಿದೆ. ಇದರಿಂದಾದ ನಷ್ಟವನ್ನೂ ಕೇಳಿರಿ. ವಿಧವೆಯ ಪಿಂಚಣಿಗೆ ಗಂಡನ ಮರಣದ ದಾಖಲೆಯು ಬೇಕು. 1969ರ ಕಾಯಿದೆಯ ಪ್ರಕಾರ ಮರಣವನ್ನು 21 ದಿವಸಗಳೊಳಗೆ ಬರೆಸಬೇಕು. ಆ ಮೇಲೆ ಒಂದು ವರುಷದ ವರೆಗೆ ತಡದ ಶುಲ್ಕ, ಅನುಮತಿಗಳಿಂದ ಬರೆಸಬಹುದು. ಒಂದು ವರುಷ ದಾಟಿತೆಂದರೆ ದಂಡಾಧಿಕಾರಿಯ ಆಜ್ಞೆಯೇ ಆಗಬೇಕು. ಶಿಬಿರದ ದಿವಸ ನಾನು ಕುರ್ಚಿಯನ್ನು ಕೆಳಗಿಟ್ಟು ನಾಲ್ಕು ಹೆಜ್ಜೆ ನಡೆದು ಅವಳ ಕೈ ಹಿಡಿದಿದ್ದರೆ, ಸುಲಭವಾದ ದಾರಿ ಇನ್ನೂ ತೆರೆದೇ ಇತ್ತು. ನಾನು ಎಚ್ಚತ್ತಾಗ ಅದು ಮುಚ್ಚಿತ್ತು. ಮಣ್ಣು ಮಾಡುವಾಗ ಪ್ರಾರ್ಥನೆ ಮಾಡಿದ ಬಾಯಿ, ಮರಣವನ್ನು ಬರೆಸಿರಿ ಎಂಬ ಒಂದು ಮಾತನ್ನು ಆಡಿರಲಿಲ್ಲ.

ಬೆನ್ನುಗಳ ಹೊರತಾಗಿ ಬೇರೆ ಗೋಡೆಗಳೂ ಉಂಟು. 2017ರ ಅಕ್ಟೋಬರ 2ರಂದು ನಮ್ಮ ರಾಜ್ಯದಲ್ಲಿ ಮಾತೃಪೂರ್ಣವೆಂಬ ಯೋಜನೆಯು ಆರಂಭವಾಯಿತು. ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೆ ಬಂದು ಮಧ್ಯಾಹ್ನದ ಬಿಸಿಯೂಟ ಮಾಡಬೇಕೆಂಬದು ಅದರ ಕ್ರಮ. ಊಟವು ಒಳ್ಳೇದು, ಉದ್ದೇಶವು ಒಳ್ಳೇದು. ಆದರೆ ಬಾಣಂತಿಯು ಹೊಸಲು ದಾಟಬಾರದೆಂಬ ರೂಢಿಯುಳ್ಳ ಮನೆಗಳಲ್ಲಿ, ತುಂಬಿದ ಬಸುರಿಯು ಬಿಸಿಲಿನಲ್ಲಿ ದೂರ ನಡೆಯಬೇಕಾದ ಕಡೆಗಳಲ್ಲಿ, ಕೂಲಿಗೆ ಹೋಗದಿದ್ದರೆ ಒಲೆ ಹೊತ್ತದ ಮನೆಗಳಲ್ಲಿ, ಎಷ್ಟೋ ತಾಯಂದಿರು ಆ ತಟ್ಟೆಯ ವರೆಗೆ ಬರಲಾರದೆ ಹೋದರು. ಒಬ್ಬನು ಕಾಲಿಲ್ಲದೆ ಬರಲಾರನು, ಒಬ್ಬಳು ನಾಚಿಕೆಯಿಂದ ಬರಲಾರಳು, ಒಬ್ಬನು ಓದು ಬಾರದ್ದರಿಂದ, ಒಬ್ಬಳು ಅತ್ತೆಯ ಮಾತಿಗೆ ಅಂಜಿ. ಪಾರ್ಶ್ವವಾಯು ಕಾಲಿಗೆ ಮಾತ್ರ ಬರುವದಿಲ್ಲ. ಆದಕಾರಣ ಮನೆಯ ಬಾಗಿಲು ತೆರೆದಿದೆ, ಬೇಕಾದವರು ಬರಲಿ ಎಂದು ಹೇಳಿ ಸುಮ್ಮನಿರುವದು ಕ್ರೈಸ್ತರಿಗೆ ಸಾಲದು.

ಮೂರನೆಯದಾಗಿ, ಹಾಸಿಗೆಯ ನಾಲ್ಕು ಮೂಲೆಗಳನ್ನು ನೋಡಿರಿ.

ಆ ನಾಲ್ವರ ಹೆಸರುಗಳನ್ನು ಮಾರ್ಕನು ಬರೆಯಲಿಲ್ಲ. ಅವರು ರೋಗಿಗೆ ಅಣ್ಣತಮ್ಮಂದಿರೋ, ನೆರೆಯವರೋ, ಕೂಡಿ ಕೂಲಿ ಮಾಡಿದವರೋ ನಮಗೆ ತಿಳಿಯದು. ಒಂದು ಮಾತ್ರ ತಿಳಿದದೆ: ಒಬ್ಬನು ಮೂಲೆಯನ್ನು ಬಿಟ್ಟಿದ್ದರೆ ಹಾಸಿಗೆಯು ಓರೆಯಾಗಿ ರೋಗಿಯು ಬೀಳುತ್ತಿದ್ದನು. ಒಬ್ಬನೇ ಎಷ್ಟು ಬಲವುಳ್ಳವನಾದರೂ ಅವನನ್ನು ಹಾಗೆ ತರಲಾರದಿದ್ದನು. ಮತ್ತು ಕರ್ತನು ಅವರ ನಂಬಿಕೆಯನ್ನು ಕಂಡನೆಂದು ಬರೆದದೆ. ಹೊತ್ತವರ ನಂಬಿಕೆಯೂ ಆತನ ಕಣ್ಣಿಗೆ ಬಿತ್ತು.

ನಮ್ಮ ಮುದುಕಿಗೂ ದೇವರು ನಾಲ್ವರನ್ನು ಒದಗಿಸಿದನು. ಸಂಡೇ ಸ್ಕೂಲಿನಲ್ಲಿ ಕಲಿತು ಈಗ ಕಾಲೇಜಿಗೆ ಹೋಗುವ ಒಬ್ಬ ಹುಡುಗಿಯು ಕಾಗದಗಳನ್ನೆಲ್ಲಾ ಓದಿ, ಯಾವದು ಇದೆ ಯಾವದು ಇಲ್ಲವೆಂದು ಪಟ್ಟಿ ಮಾಡಿದಳು. ಮರಣದ ದಿವಸವು ಯಾವದೆಂದು ಮುದುಕಿಗೆ ನೆನಪಿರಲಿಲ್ಲ; ಅಂಗನವಾಡಿಯ ಸಹಾಯಕಿಯು, ಅಂದು ಮಕ್ಕಳ ತೂಕ ನೋಡುವ ದಿನವಾಗಿತ್ತೆಂದು ನೆನಸಿ, ಪುಸ್ತಕವನ್ನು ತೆರೆದು ತಾರೀಖು ಹೇಳಿದಳು. ಮಣ್ಣಿಗೆ ಬಂದಿದ್ದ ಒಬ್ಬ ರೈತನು, ನಮ್ಮ ಸಭೆಯವನಲ್ಲ, ತನ್ನ ಎರಡು ದಿವಸದ ಹೊಲದ ಕೆಲಸವನ್ನು ಬಿಟ್ಟು ಸಾಕ್ಷಿ ಹೇಳಲು ಬಂದನು. ಬಸ್ಸಿನ ದುಡ್ಡನ್ನು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಟಂಟಂ ಓಡಿಸುವ ಒಬ್ಬ ಹುಡುಗನು ಅವಳನ್ನು ಕಚೇರಿಗೂ ಹೋಬಳಿಯ ನಾಡಕಚೇರಿಗೂ ಬ್ಯಾಂಕಿಗೂ ಎಷ್ಟು ಸಾರಿ ಕರೆದೊಯ್ದನೋ ನಾನು ಎಣಿಸಲಿಲ್ಲ. ಈ ನಾಲ್ವರಲ್ಲಿ ಉಪದೇಶಿಯು ಇರಲಿಲ್ಲವೆಂಬದನ್ನು ಗಮನಿಸಿರಿ. ನಾನು ಹಿಂದೆ ಹಿಂದೆ ನಡೆದೆನು. ಐದು ತಿಂಗಳ ಮೇಲೆ ಅವಳಿಗೆ ಪಿಂಚಣಿ ಬರಹತ್ತಿತು. ನಮ್ಮ ಕಡೆಯ ಹಿರಿಯರು ಅದಕ್ಕೆ ಪಗಾರವೆನ್ನುತ್ತಾರೆ. ಮೊದಲನೆಯ ಪಗಾರದಲ್ಲಿ ಅವಳು ಒಂದು ಪಾವು ಸಕ್ಕರೆ ತಂದು ಆ ಹುಡುಗಿಯ ಕೈಯಲ್ಲಿಟ್ಟಳು. ಆದರೆ ಕಳೆದುಹೋದ ತಿಂಗಳುಗಳ ಪಗಾರವು ತಿರುಗಿ ಬರಲಿಲ್ಲ. ಆಡೂ ತಿರುಗಿ ಬರಲಿಲ್ಲ.

ಸಭೆಯವರೇ, ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಮೂಲೆಯುಂಟು. ಓದು ಬಲ್ಲವರಿಗೆ ಅದು ಓದು, ಗಾಡಿಯುಳ್ಳವರಿಗೆ ಗಾಡಿ, ಜ್ಞಾಪಕವುಳ್ಳವರಿಗೆ ಜ್ಞಾಪಕ. ಏನೂ ಇಲ್ಲವೆನ್ನುವ ಅಕ್ಕನಿಗೆ, ಬಾಣಂತಿಯು ಉಣ್ಣುವ ತನಕ ಅವಳ ಕೂಸನ್ನು ಎತ್ತಿಕೊಂಡು ಕೂಡುವ ಮಡಿಲುಂಟು.

ನಾಲ್ಕನೆಯದಾಗಿ, ಮಾಳಿಗೆ ಬಿಚ್ಚಿದ ವೆಚ್ಚವನ್ನು ನೋಡಿರಿ.

ಮಾಳಿಗೆ ಬಿಚ್ಚುವಾಗ ಕೆಳಗೆ ಕೂತವರ ತಲೆಯ ಮೇಲೆ ಮಣ್ಣು ಬಿದ್ದಿರಬೇಕು. ಉಪದೇಶವು ನಡುವೆ ನಿಂತಿರಬೇಕು. ಮನೆಯ ಯಜಮಾನನಿಗೆ ಅದನ್ನು ತಿರುಗಿ ಮುಚ್ಚಿಸುವ ಖರ್ಚು ಬಂದಿರಬೇಕು. ಮಳೆಯ ಮೊದಲು ಮಾಳಿಗೆಗೆ ಮಣ್ಣು ಹಾಕಿಸುವದೆಂದರೆ ಎಷ್ಟು ಕೆಲಸವೆಂಬದು ನಮಗೆ ಗೊತ್ತು. ಆದರೂ ಕರ್ತನು ಆ ನಾಲ್ವರನ್ನು ಗದರಿಸಲಿಲ್ಲ. ಮೊದಲು ನನ್ನ ಮಾತು ಮುಗಿಯಲಿ ಎಂದು ಹೇಳಲಿಲ್ಲ. ಆದಕಾರಣ, ಲಸಿಕೆಯ ದಿವಸವೂ ಶಿಬಿರದ ದಿವಸವೂ ನಮ್ಮ ಕೂಟದ ದಿವಸವೂ ಒಂದೇ ಆದರೆ, ಕೂಟವನ್ನು ಚಿಕ್ಕದು ಮಾಡಿರಿ ಎಂದು ಹೇಳಲು ನಾನು ಹೆದರುವದಿಲ್ಲ. ಒಂದು ದಿವಸದ ಕೂಲಿ ಹೋದೀತು, ಕಚೇರಿಯ ಮುಂದೆ ನಿಂತು ಕಾಲು ನೊಂದಾವು. ವೆಚ್ಚವಿಲ್ಲದೆ ಯಾರನ್ನೂ ಹೊರಲಾಗುವದಿಲ್ಲ.

ಐದನೆಯದಾಗಿ, ಕರ್ತನು ಅವನನ್ನು ಕರೆದ ರೀತಿಯನ್ನೂ ಕಳುಹಿಸಿದ ರೀತಿಯನ್ನೂ ನೋಡಿರಿ.

ಕಚೇರಿಯ ಪಟ್ಟಿಯಲ್ಲಿ ಸಹಾಯ ಹೊಂದುವವರಿಗೆ ಫಲಾನುಭವಿಗಳೆಂದು ಬರೆಯುತ್ತಾರೆ. ಪಟ್ಟಿಗೆ ಒಂದು ಹೆಸರು ಬೇಕಷ್ಟೇ. ಆದರೆ ಕರ್ತನು ಅವನನ್ನು ಮಗನೇ ಎಂದು ಕರೆದನು. ಸುಖಮಾಡುವದಕ್ಕಿಂತ ಮೊದಲು ಆ ಮಾತು ಅವನಿಗೆ ದೊರೆಯಿತು, ಅದರೊಡನೆ ಪಾಪಗಳ ಕ್ಷಮೆಯೂ ದೊರೆಯಿತು. ನಾವೂ ಯಾರ ಕೈ ಹಿಡಿಯುತ್ತೇವೋ ಅವರನ್ನು ಅವ್ವಾ, ಅಣ್ಣಾ, ತಂಗೀ ಎಂದು ಕರೆದು ಹಿಡಿಯೋಣ. ಅವರ ಬಡತನವನ್ನು ಕಟ್ಟೆಯ ಮೇಲೆ ಕೂತು ಹೇಳದಿರೋಣ.

ಇದಲ್ಲದೆ ಇನ್ನೊಂದು ಮಾತು. ಆ ನಾಲ್ವರು ರೋಗಿಯನ್ನು ಹೊರುವದಕ್ಕಿಂತ ಮೊದಲು ನೀನು ಯಾರವನು, ಯಾವ ಓಣಿಯವನು ಎಂದು ಕೇಳಿದರೆಂದು ಬರೆದಿಲ್ಲ. ಸಹಾಯವು ಮೀನು ಹಿಡಿಯುವ ಗಾಳವಲ್ಲ. ನಮ್ಮ ಕೂಟಕ್ಕೆ ಬಂದರೆ ಅರ್ಜಿ ಬರೆದುಕೊಡುತ್ತೇನೆಂದು ಹೇಳುವವನು ಕರ್ತನ ಹೆಸರಿಗೆ ಅವಮಾನ ತರುತ್ತಾನೆ. ನಮ್ಮ ಮುದುಕಿಗೋಸ್ಕರ ಸಾಕ್ಷಿ ಹೇಳಿದ ಆ ರೈತನು ನಮ್ಮಿಂದ ಏನನ್ನು ಕೇಳಿದನು? ಹಾಗೆಯೇ ನಾವು ಅವನ ಓಣಿಗೂ ಹೋಗತಕ್ಕದ್ದು. ಅಂಗನವಾಡಿಯಲ್ಲಿ ಯಾರ ಕೈಯಡಿಗೆ, ಯಾರ ಮಗ್ಗಲಲ್ಲಿ ಊಟವೆಂದು ಯಾರಾದರೂ ಗೊಣಗಿದರೆ, ನಮ್ಮ ಮನೆಯ ಮಕ್ಕಳು ಮೊದಲು ಹೋಗಿ ಆ ಪಂಕ್ತಿಯಲ್ಲಿ ಕೂಡಲಿ.

ಕಡೆಗೆ ಕರ್ತನು ಅವನಿಗೆ, ಎದ್ದು ಹಾಸಿಗೆಯನ್ನು ಎತ್ತಿಕೊಂಡು ಮನೆಗೆ ಹೋಗೆಂದು ಅಪ್ಪಣೆ ಕೊಟ್ಟನು. ಹೊತ್ತು ತರಲ್ಪಟ್ಟವನು ಹೊತ್ತುಕೊಂಡು ಹೋದನು. ಸಹಾಯದ ಗುರಿಯು ಇದೇ. ಯಾರು ಏಳಬಲ್ಲರೋ ಅವರು ಏಳುವಂತೆ ಮಾಡಬೇಕು. ಏಳಲಾರದ ಮುದುಕರನ್ನು ಕಡೇ ವರೆಗೆ ಹೊರಬೇಕು. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಒಳ್ಳೇ ದೃಷ್ಟಾಂತವುಂಟು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ನೆಯ ಇಸವಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದಾಗಿ ಊರವರನ್ನು ಕೂಡಿಸಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. 1904ರ ಕಾಯಿದೆಯ ಕೆಳಗೆ ನಮ್ಮ ದೇಶದಲ್ಲಿ ಹುಟ್ಟಿದ ಇಂಥ ಒಕ್ಕಲುತನದ ಸಂಘಗಳಲ್ಲಿ ಅದನ್ನೇ ಮೊದಲನೆಯದೆಂದು ಎಣಿಸುತ್ತಾರೆ. ಸಾಹುಕಾರನ ಬಡ್ಡಿಯಲ್ಲಿ ಬಿದ್ದವರು ಒಬ್ಬೊಬ್ಬರಾಗಿ ಏಳಲಾರರು. ಎಲ್ಲರ ಸ್ವಲ್ಪ ಸ್ವಲ್ಪ ಹಣವು ಒಂದು ಕಡೆ ಕೂಡಿದರೆ, ಇಂದು ಸಾಲ ಪಡೆದು ಎದ್ದವನ ಹಣವೇ ನಾಳೆ ಮತ್ತೊಬ್ಬನನ್ನು ಎಬ್ಬಿಸುವದು. ಸಂಘದ ನಮ್ಮ ಸಹೋದರಿಯರು ವಾರವಾರ ಎಣಿಸುವ ದುಡ್ಡಿನಲ್ಲಿಯೂ ಇದೇ ಗುಟ್ಟು ಇದೆ.

ಈಗ ಮಾಡತಕ್ಕ ಕೆಲಸವನ್ನು ಹೇಳಿ ಮುಗಿಸುತ್ತೇನೆ. ಬರುವ ಭಾನುವಾರ ಆರಾಧನೆಯು ಮುಗಿದ ಮೇಲೆ ಪ್ರತಿಯೊಂದು ಸಭೆಯ ಹಿರಿಯರು ಅರ್ಧ ತಾಸು ಕೂಡಿರಿ. ನಿಮ್ಮ ಓಣಿಯಲ್ಲಿ ಯಾರು ಕೇಂದ್ರದ ಮೆಟ್ಟಲಿನಿಂದ ಹೊಳ್ಳಿ ಹೋಗಿದ್ದಾರೆ, ಯಾರು ಅಲ್ಲಿಯ ವರೆಗೂ ಬಂದಿಲ್ಲವೆಂದು ನೆನಸಿಕೊಳ್ಳಿರಿ. ಒಬ್ಬೊಬ್ಬರಿಗೆ ನಾಲ್ಕು ಮಂದಿಯನ್ನು ನೇಮಿಸಿರಿ. ಮರಣವಾದ ಮನೆಗೆ ಹೋದವರು, ಕಣ್ಣೀರು ಒರಸುವದರ ಜೊತೆಗೆ 21 ದಿವಸಗಳ ಮಾತನ್ನೂ ಮೆಲ್ಲಗೆ ಹೇಳಿರಿ. ಮಕ್ಕಳು ದೂರವಿರುವ ಮುದುಕರಿಗೆ ಹಿರಿಯರ ಸಹಾಯವಾಣಿಯ 14567 ಎಂಬ ಸಂಖ್ಯೆಯನ್ನೂ, ಕಷ್ಟದಲ್ಲಿರುವ ಮಕ್ಕಳಿಗೋಸ್ಕರ 1098 ಎಂಬದನ್ನೂ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿಡಿರಿ. ಶಿಬಿರದ ದಿವಸ ಬಂದರೆ, ನಿಮ್ಮಲ್ಲಿ ಒಬ್ಬರಾದರೂ ಒಳಗಿನ ಕುರ್ಚಿಗಳ ಕಡೆಗೆ ಬೆನ್ನು ಮಾಡಿ, ಬಾಗಿಲ ಹೊರಗೆ ಮುಖವಿಟ್ಟು ನಿಂತುಕೊಳ್ಳಿರಿ.

ಆ ಮುದುಕಿಯು ಈಗಲೂ ಪ್ರತಿ ಭಾನುವಾರ ಮಂದಿರದ ಹಿಂದಿನ ಸಾಲಿನಲ್ಲಿ ಕೂಡುತ್ತಾಳೆ. ಅವಳು ಬಂದಳೋ ಇಲ್ಲವೋ ಎಂದು ನೋಡಿದ ಹೊರತು ನಾನು ಪುಸ್ತಕವನ್ನು ತೆರೆಯುವದಿಲ್ಲ.

ಪ್ರಾರ್ಥಿಸೋಣ. ಕರುಣೆಯುಳ್ಳ ತಂದೆಯೇ, ನಿನ್ನ ಮನೆಯೊಳಗೆ ಸ್ಥಳವನ್ನು ಕೊಟ್ಟು ನಮ್ಮನ್ನು ಕೂಡ್ರಿಸಿದ್ದೀ. ಹೊರಗೆ ನಿಂತವರನ್ನು ನಾವು ಮರೆತದ್ದನ್ನು ಕ್ಷಮಿಸು. ನಮ್ಮನ್ನೂ ಯಾರೋ ಹೊತ್ತು ನಿನ್ನ ಹತ್ತಿರ ತಂದರೆಂಬದನ್ನು ನೆನಪಿಗೆ ಕೊಡು. ನಮ್ಮ ಕೈಗಳಿಗೆ ಒಂದೊಂದು ಮೂಲೆಯನ್ನು ತೋರಿಸು, ಮತ್ತು ದಾರಿ ಮುಗಿಯುವ ತನಕ ಅದನ್ನು ಬಿಡದಂತೆ ಬಲವನ್ನು ದಯಪಾಲಿಸು. ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.